ಮುಂಬಯಿ ನಾಷ್ಟಾ ಮತ್ತ ನಮ್ಮ ದೊಡ್ಡಾಯಿ ಖಾನಾವಳಿ

ಮೊನ್ನೆ ಎದುರಮನಿ ವೈನಿ ಒಂದು ವಾಟಗಾ ಹೆಪ್ಪ ಕೇಳಾಕ ಬಂದವರು ಕಟ್ಟಿ ಮ್ಯಾಲೆ ಕುಂತು ಇನ್ನೊಂದು ಕೇಳಿದ್ರು. "ಅಕ್ಕಾರ, ಮುಂದಿನ ತಿಂಗಳ ನಮ್ಮ ಅತ್ತಿಯವರನ್ನ ತೋರಸಾಕ ಮುಂಬಯಿಗೆ ಹೊಂಟೇವ್ರಿ. ಲಾಜಿನ್ಯಾಗ ಇರೂದು. ಮಧ್ಯಾಹ್ನ, ರಾತ್ರಿದು ಹೆಂಗೋ ಆಗ್ತೈತಿ, ಮುಂಜಾನಿ ನಾಷ್ಟಾಕ್ಕ ಏನ್ ಮಾಡೂದ್ರಿ? ನೀವು ಒಂದೂವರಿ ತಿಂಗಳ ಇದ್ದು ಬಂದೀರಲ್ಲ."

ಎರಡ ಮಾತಿನ್ಯಾಗ ಹೇಳಿ ಕಳಿಸಬಹುದಿತ್ತು. ಹೇಳಿನೂ ಹೇಳಿದೆ. ಆದ್ರ ಅವರು ಹೆಪ್ಪ ತಗೊಂಡು ಹೋದ ಮ್ಯಾಲೆ ನನಗ ಅನಿಸ್ತು, ಆ ಎರಡ ಮಾತಿನ ಹಿಂದ ನೂರು ವರ್ಷದ ಕಥಿ ಐತಿ, ಅದರಾಗ ನಮ್ಮ ಮನಿದೂ ಒಂದು ತುಣುಕು ಐತಿ. ಅವ್ವನ ಕೇಳಿದೆ, ಬರೀಲೇನು ಅಂತ. ಮೊದಲ ಮೂರು ಸಲ ಬ್ಯಾಡ ಅಂದಿದ್ಲು. ಈ ಸಲ ಬರಿ ಅಂದ್ಲು. ಅದಕ್ಕ ಬರಿಯಾಕ ಕುಂತೀನಿ.

2019ರ ನವೆಂಬರ್ ತಿಂಗಳು. ಅವ್ವನ ಗಂಟಲಿನ್ಯಾಗ ಗಂಟು ಅಂತ ಇಲ್ಲಿ ಡಾಕ್ಟರು ಹೇಳಿದ್ರು, ಮುಂಬಯಿಗೆ ಬರದು ಕೊಟ್ರು. ಅವ್ವಗ ಆಗ 70. ನಾನು, ಅವ್ವ ಇಬ್ಬರ ಹೋದ್ವಿ. ಪರೇಲ್ ಕಡೆ ಒಂದು ಲಾಜಿನ್ಯಾಗ ಕೋಣಿ ಸಿಕ್ತು. ವಾರಕ್ಕ ಐದು ದಿನ ಕರೆಂಟ್ ಕೊಡ್ತಾರ, ಒಟ್ಟು 6 ವಾರ ಅಂದ್ರು. ಕೋಣಿ ಬಾಡಗಿ ಬ್ಯಾರೆ, ನಾಷ್ಟಾ ಬ್ಯಾರೆ. ನಾಷ್ಟಾ ಒಬ್ಬರಿಗೆ 350 ರೂಪಾಯಿ. ಮೊದಲನೇ ದಿನ ಗೊತ್ತಿಲ್ದ ಹೋಗಿ ಕುಂತ್ವಿ. ಬಿರುಸು ಬ್ರೆಡ್ಡು, ತಣ್ಣನ ಹಾಲು, ಖಾರದ ಆಲೂಗಡ್ಡಿ ಪಲ್ಲೆ. ಅವ್ವ ಎರಡು ಚಮಚಾ ಹಾಲು ಕುಡುದು ಕೈ ತೊಳಕೊಂಡ್ಲು. ಕೋಣಿಗೆ ಬಂದು ಲೆಕ್ಕಾ ಮಾಡಿದೆ. ಇಬ್ಬರಿಗೆ ದಿನಕ್ಕ 700, 42 ದಿನಕ್ಕ 29,400 ರೂಪಾಯಿ. ಅದು ಬರೇ ಮುಂಜಾನಿದು. ನಮ್ಮ ಮನ್ಯಾಗ ಅಷ್ಟ ರೊಕ್ಕದಾಗ ಒಂದು ವರ್ಷದ ಜ್ವಾಳ, ಅಕ್ಕಿ, ಬ್ಯಾಳಿ ಎಲ್ಲಾ ಬರ್ತಾವು.

ಮರುದಿನ ಮುಂಜಾನೆ ಲಿಫ್ಟಿನ ಹುಡುಗನ ಕೇಳಿದೆ, ನನ್ನ ಮುರುಕು ಹಿಂದ್ಯಾಗ. "ತಮ್ಮಾ, ಇಲ್ಲೆ ಎಲ್ಲೆ ಚಲೋ ಹೋಟೆಲ್ ಐತಿ" ಅಂತ ಕೇಳಲಿಲ್ಲ ನೋಡ್ರಿ. "ನೀ ಎಲ್ಲಿ ತಿಂತಿ" ಅಂತ ಕೇಳಿದೆ. ಇದನ್ನ ನೆನಪಿಟ್ಕೊರಿ. ಚಲೋ ಹೋಟೆಲ್ ಕೇಳಿದ್ರ ಅವ ನಮ್ಮ ಸೀರಿ ನೋಡಿ ಹೇಳ್ತಾನ. ನೀ ಎಲ್ಲಿ ತಿಂತಿ ಅಂದ್ರ ತನ್ನ ಕಿಸೆ ನೋಡಿ ಹೇಳ್ತಾನ. ಅವ ನಕ್ಕು, ಹಿಂದಿನ ಗಲ್ಲಿದಾಗ 7 ಗಂಟೆಕ್ಕ ಪೋಂ ಪೋಂ ಅಂತ ಹಾರ್ನ್ ಬಾರಸ್ಕೊಂತ ಸೈಕಲ್ ಬರ್ತೈತಿ, ಅದ ನಮ್ಮ ಹೋಟೆಲ್ ಅಂದ.

ಹೋದೆ. ಸೈಕಲ್ ಹಿಂದ ದೊಡ್ಡ ಅಲ್ಯುಮಿನಿಯಂ ಡಬರಿ, ಮ್ಯಾಲೆ ಬಟ್ಟಿ ಮುಚ್ಚಿತ್ತು. ತಗದ್ರ ಉಗಿ ಹಾರೂ ಇಡ್ಲಿ. ಒಂದು ಕೊಡದಾಗ ಸಾಂಬಾರ, ಇನ್ನೊಂದ್ರಾಗ ಬಿಳಿ ಚಟ್ನಿ. ನಾಕು ಇಡ್ಲಿ 30 ರೂಪಾಯಿ. ಡಬ್ಬಿದಾಗ ಹಾಕಿಸ್ಕೊಂಡು ಬಂದೆ. ಅವ್ವ ಸಾಂಬಾರ ಮುಟ್ಟಲಿಲ್ಲ, ಉರಿ ಆಗ್ತಿತ್ತು. ಇಡ್ಲಿ ಹಾಲಿನ್ಯಾಗ ಕಿವಿಚಿ ಎರಡು ತಿಂದ್ಲು. ಮೂರು ದಿನದಾಗ ಮೊದಲನೇ ಸಲ ಆಕಿ ಹೊಟ್ಟಿ ತುಂಬ ತಿಂದದ್ದು. ನಾ ತಿರುಗಿ ಕಿಡಕಿ ಕಡೆ ಮಾರಿ ಮಾಡ್ಕೊಂಡು ನಿಂತೆ.

ಆ ಸೈಕಲ್ ಇಡ್ಲಿ ಎಲ್ಲಿಂದ ಬರ್ತೈತಿ ಅಂತ ಆಮ್ಯಾಲೆ ತಿಳೀತು. ಧಾರಾವಿದಾಗ ತಮಿಳು ಮಂದಿಯ ಮನಿ ಭಾಳ ಅದಾವು. ಅಲ್ಲೆ ಗಲ್ಲಿ ಗಲ್ಲಿದಾಗ ಮನಿಯೊಳಗ ಅಕ್ಕಿ, ಉದ್ದಿನಬ್ಯಾಳಿ ನೆನಿ ಹಾಕಿ, ರುಬ್ಬಿ, ನಸುಕಿನ್ಯಾಗ ಎದ್ದು ಬೇಯಿಸ್ತಾರ. ಗಂಡಸರು ಸೈಕಲ್ ಮ್ಯಾಲೆ ಏರಿಸ್ಕೊಂಡು ಊರೆಲ್ಲಾ ಮಾರಿ ಬರ್ತಾರ. ಮುಂದಿನ ಕೈ ಗಂಡಸರದು, ಹಿಂದಿನ ಕೈ ಹೆಂಗಸರದು. ನಾವು ಹಾರ್ನ್ ಬಾರಿಸೋ ಕೈ ಅಷ್ಟ ನೋಡ್ತೇವಿ.

ಒಂದು ವಾರ ಸೈಕಲ್ ಇಡ್ಲಿ ಮ್ಯಾಲೆ ನಡೀತು. ಶನಿವಾರ, ರವಿವಾರ ಕರೆಂಟ್ ಇರ್ತಿರಲಿಲ್ಲ. ಆ ರವಿವಾರ ಅವ್ವ, "ಕುಂತು ತಿನ್ನೂಣು ನಡಿ, ಡಬ್ಬಿ ಸಾಕಾತು" ಅಂದ್ಲು. ಪರೇಲಿನಿಂದ ಲೋಕಲ್ ಹತ್ತಿದ್ರ ಒಂದ ದಾದರ, ಎರಡನೇದು ಮಾಟುಂಗಾ. ರವಿವಾರ ಮುಂಜಾನೆ ಗದ್ದಲ ಇರೂದಿಲ್ಲ. ಮಾಟುಂಗಾದಾಗ ಇಳದ್ರ ನಿಮಗ ನಮ್ಮ ಕಡೆ ಬಂದಂಗ ಅನಸ್ತೈತಿ. ಮಲ್ಲಿಗಿ ಹೂವು, ಬಾಳಿ ಎಲಿ, ಕರಿಬೇವು, ಕಾಫಿಪುಡಿ ವಾಸನಿ. ಯಾರೋ ತಮಿಳು, ಯಾರೋ ತುಳು, ಯಾರೋ ಕೊಂಕಣಿ ಮಾತಾಡ್ತಿರ್ತಾರ. ನಾವು ಕನ್ನಡದಾಗ ಮಾತಾಡಿದ್ರ ಗಲ್ಲಾದ ಮ್ಯಾಲೆ ಕುಂತವರು ತಲಿ ಎತ್ತಿ ನೋಡಿ, "ಯಾವೂರು ಅಮ್ಮ" ಅಂತಾರ.

ಅಲ್ಲಿ ಇಷ್ಟು ನಮ್ಮ ಮಂದಿ ಹೆಂಗ ಬಂದ್ರು ಅಂದ್ರ, ಅದಕ್ಕ ಪ್ಲೇಗಿನಿಂದ ಶುರು ಮಾಡಬೇಕು. 1896ರಾಗ ಮುಂಬಯಿಗೆ ಪ್ಲೇಗ್ ಬಂತು. ಒತ್ತೊತ್ತಾಗಿ ಇದ್ದ ಚಾಳಿನ್ಯಾಗ ಮಂದಿ ಹುಳದಂಗ ಸತ್ರು. ಆಗಿನ ಸರಕಾರ 1898ರಾಗ ಊರು ಸುಧಾರಣಾ ಟ್ರಸ್ಟ್ ಅಂತ ಮಾಡಿ, ಉತ್ತರದ ಕಡೆ ದಾದರ, ಮಾಟುಂಗಾ, ವಡಾಳಾ, ಸಾಯನ್ ಕಡೆ ಗಾಳಿ ಬೆಳಕು ಇರೂ ಹೊಸಾ ಬಡಾವಣೆ ಹಾಕಿತು. ಮುಂಬಯಿ ಆಫೀಸಿನ್ಯಾಗ ಕಾರಕೂನಕಿ ಮಾಡಾಕ ಮದ್ರಾಸ ಕಡೆಯಿಂದ ಓದಿದ ಹುಡುಗರು ಬಂದು ಮಾಟುಂಗಾದಾಗ ಇದ್ರು. ಮದಿವಿ ಆಗದವರು, ಅಥವಾ ಹೇಂತಿನ್ನ ಊರಾಗ ಬಿಟ್ಟು ಬಂದವರು. ಅವರಿಗೆ ಅನ್ನ ಸಾರು ಬೇಕು, ಮುಂಜಾನೆ ಇಡ್ಲಿ ಕಾಫಿ ಬೇಕು, ಅದೂ ಕಾರಕೂನನ ಪಗಾರಕ್ಕ ಹೊಂದೂ ಅಷ್ಟರಾಗ.

ಅದನ್ನ ಕೊಟ್ಟವರು ಉಡುಪಿ ಕಡೆಯವರು. ಮಠ, ಗುಡಿಯ ಅಡಗಿಮನ್ಯಾಗ ಸಾವಿರ ಮಂದಿಗೆ ಬೇಯಿಸಿ ಬಡಿಸಿ ರೂಢಿ ಇದ್ದ ಮನೆತನ ಆ ಕಡೆ ಭಾಳ ಇದ್ವು. ಭೂಮಿ ಕಡಿಮಿ, ಮಂದಿ ಹೆಚ್ಚು. 1923ರಾಗ ಕರಾವಳಿಗೆ ದೊಡ್ಡ ನೆರಿ ಬಂದು ಹೊಲ ಮನಿ ಹೋದ ಮ್ಯಾಲೆ ಹತ್ತು ಹನ್ನೆರಡು ವರ್ಷದ ಹುಡುಗರೂ ಊರು ಬಿಟ್ಟು ಮದ್ರಾಸಿಗೆ, ಮುಂಬಯಿಗೆ ನಡದ್ರು. ಮುಸುರಿ ತೊಳದು, ನೀರು ಹೊತ್ತು, ರುಬ್ಬಿ, ಆಮ್ಯಾಲೆ ತಾವ ಹೋಟೆಲ್ ಇಟ್ರು. ಮಾಟುಂಗಾದ ಕೆಫೆ ಮೈಸೂರು 1936ರದು, ಕೆಫೆ ಮದ್ರಾಸ್ 1940ರದು. ರಾಮ ನಾಯಕರು ಸ್ಟೇಶನ್ ಹತ್ತಿರ ಬಾಳಿ ಎಲಿ ಮ್ಯಾಲೆ ಊಟ ಹಾಕೂ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಾಗ ಶುರು ಮಾಡಿದ್ರು. 1974ರ ಭೂಸುಧಾರಣೆ ಕಾಯದೆಯೊಳಗ ಹೊಲ ಕಳಕೊಂಡ ಬಂಟರ ಮನಿಯ ಹುಡುಗರು ಇನ್ನೂ ಭಾಳ ಮಂದಿ ಬಂದ್ರು. ಹಗಲೆಲ್ಲಾ ಹೋಟೆಲ್ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ, ಹಂಗ ಓದಿ ವಕೀಲರಾದವರು, ಬ್ಯಾಂಕ್ ಸೇರಿದವರು ಎಷ್ಟೋ ಮಂದಿ ಅದಾರ.

ಎಲ್ಲಾ ಸಲೀಸಾಗಿ ನಡೀಲಿಲ್ಲ. 1966ರಾಗ ಶಿವಸೇನಾ ಹುಟ್ಟಿದ ಮ್ಯಾಲೆ ಮೊದಲಿನ ವರ್ಷದಾಗ ದಕ್ಷಿಣದವರು ನಮ್ಮ ಕೆಲಸ ಕಸಕೊಂಡ್ರು ಅಂತ ಉಡುಪಿ ಹೋಟೆಲಿಗೆ ಕಲ್ಲು ಬಿದ್ವು. ಅದ 1966ರಾಗ ದಾದರ ಸ್ಟೇಶನ್ ಹೊರಗ ಅಶೋಕ ವೈದ್ಯ ಅನ್ನವರು ಬಟಾಟಿ ವಡಾನ ಪಾವಿನ ನಡುವ ಇಟ್ಟು ಮಾರಾಕ ಹತ್ತಿದ್ರು ಅಂತ ಹೇಳ್ತಾರ. ಪಾವ್ ಅನ್ನೂದು ಪೋರ್ಚುಗೀಸ್ ಮಾತು, ಗೋವಾದ ಬೇಕರಿಯವರ ಕೈಯಿಂದ ಮುಂಬಯಿಗೆ ಬಂದದ್ದು. ಮರಾಠಿ ವಡಾ, ಗೋವಾ ಪಾವು, ಒಳಗಿನ ಬಟಾಟಿನೂ ಪೋರ್ಚುಗೀಸರು ತಂದದ್ದ. ಮಂದಿ ಜಗಳಾಡಿದ್ರೂ ತಿನಸು ಕೂಡಿಕೊಂಡ ಇರ್ತಾವು ನೋಡ್ರಿ.

ಇಷ್ಟೆಲ್ಲಾ ನಾನು ಅವ್ವನ ಮುಂದ ದೊಡ್ಡ ಶಾಣ್ಯಾಕಿ ಹಂಗ ಹೇಳ್ಕೊಂತ ಕುಂತಿದ್ದೆ, ಓದಿ ಬಂದದ್ದು ಅರ್ಧ, ಗಲ್ಲಾದವರು ಹೇಳಿದ್ದು ಅರ್ಧ. ಅವ್ವ ಇಡ್ಲಿ ಮುರಿದು ತುಪ್ಪದಾಗ ಅದ್ದಿ ಸಾವಕಾಶ ತಿನ್ನಾಕ ಹತ್ತಿದ್ಲು. ನಡುವ ಅಂದ್ಲು, "ನೀ ಹೇಳೂದೆಲ್ಲಾ ಗಂಡಸರ ಹೋಟೆಲ್ ಆತು. ನಮ್ಮ ದೊಡ್ಡವ್ವ ಇಲ್ಲೇ ಇದ್ಲು. ಆಕಿ ಹದಿನೆಂಟು ಮಂದಿಗೆ ಮಾಡಿ ಹಾಕ್ತಿದ್ಲು."

ನನ್ನ ಕೈಯಾಗಿನ ತುತ್ತು ಅಲ್ಲೇ ನಿಂತು. ಅವ್ವಗ ದೊಡ್ಡವ್ವ ಅಂದ್ರ ನಮಗ ದೊಡ್ಡಾಯಿ, ನಮ್ಮ ಆಯಿಯ ಅಕ್ಕ. ಆಕಿ ಮುಂಬಯಿದಾಗ ಇದ್ಲು, ಅಲ್ಲೇ ತೀರಿಕೊಂಡ್ಲು, ಮಕ್ಕಳಿರಲಿಲ್ಲ ಅಂತ ಅಷ್ಟ ನಮಗೆಲ್ಲಾ ಗೊತ್ತು. ನಮ್ಮ ಮನ್ಯಾಗ ಆಕಿದೊಂದು ಫೋಟೋ ಇಲ್ಲ. ಆಕಿ ಮಾತು ಬಂದ್ರ ಆಯಿ ಎದ್ದು ಒಳಗ ಹೋಗ್ತಿದ್ಲು.

ದೊಡ್ಡಾಯಿಯ ಗಂಡ ಬೈಲಹೊಂಗಲ ಕಡೆಯವ. ಎರಡು ವರ್ಷ ಮಳಿ ಹೋಗಿ ಸಾಲ ಆದ ಮ್ಯಾಲೆ ಮುಂಬಯಿ ಮಿಲ್ಲಿಗೆ ಹೋದ. ಆಗ ನಾವೆಲ್ಲಾ ಮುಂಬಯಿ ಇಲಾಖೆದವರ, 1956ರ ತನಕ ನಮ್ಮ ರಾಜಧಾನಿ ಮುಂಬಯಿನ. ಇಲ್ಲಿಂದ ಬೆಂಗಳೂರು ದೂರ, ಮುಂಬಯಿ ಹತ್ತಿರ ಅನ್ನಂಗಿತ್ತು. ಮುಂಬಯಿದಾಗ ಮೊದಲನೇ ಹತ್ತಿ ಮಿಲ್ಲು ಶುರು ಆಗಿದ್ದು 1850ರ ಮ್ಯಾಲೆ. ಆಮ್ಯಾಲೆ ಪರೇಲ್, ಲಾಲಬಾಗ, ವರಳಿ ಸುತ್ತ ಹೊಗಿ ಕೊಳವಿ ಎದ್ದು ನಿಂತು, ಆ ಭಾಗಕ್ಕ ಗಿರಣಗಾಂವ ಅಂದ್ರ ಮಿಲ್ಲಿನ ಊರು ಅಂತ ಹೆಸರಾತು. ಕೆಲಸಕ್ಕ ಬಂದವರು ಹೆಚ್ಚು ಕೊಂಕಣ, ಸಾತಾರಾ ಕಡೆಯವರು, ಹಂಗ ಅಷ್ಟು ಇಷ್ಟು ನಮ್ಮ ಕಡೆಯವರೂ ಇದ್ರು. ಒಂದ ಕೋಣಿದಾಗ ಹತ್ತು ಹನ್ನೆರಡು ಗಂಡಸರು, ಪಾಳಿ ಮ್ಯಾಲೆ ಮಲಗವರು. ಒಬ್ಬ ಎದ್ದು ಕೆಲಸಕ್ಕ ಹೋದ್ರ ಅದ ಜಾಗಾದಾಗ ಕೆಲಸಾ ಬಿಟ್ಟು ಬಂದವ ಮಲಗ್ತಿದ್ದ.

ಅವರಿಗೆ ಅಡಗಿ ಮಾಡವರು ಯಾರು? ಮುಂಜಾನಿ ಚಹಾ ಪಾವು ಇರಾಣಿ ಹೋಟೆಲಿನ್ಯಾಗ ಆಗ್ತಿತ್ತು. ಇರಾಣ ದೇಶದಿಂದ ಬಂದವರು ನೂರು ವರ್ಷದ ಹಿಂದ ಮೂಲಿ ಮೂಲಿಗೆ ಇಟ್ಟ ಹೋಟೆಲ್ ಅವು. ಎರಡ ಹೊತ್ತಿನ ಊಟಕ್ಕ ಮಾತ್ರ ಖಾನಾವಳಿ. ನಮ್ಮ ಧಾರವಾಡ ಹುಬ್ಬಳ್ಳಿದಾಗ ಅಂತೀವಲ್ಲ, ಅದ ಮಾತು, ಅದ ಪದ್ಧತಿ. ಆದ್ರ ಅಲ್ಲಿ ಖಾನಾವಳಿಗೆ ಬೋರ್ಡ್ ಇಲ್ಲ, ಬಾಕ ಇಲ್ಲ. ಚಾಳಿನ ಒಂದ ಕೋಣಿ, ಒಂದ ಸಿಗಡಿ, ಒಬ್ಬ ಹೆಣಮಗಳು. ತಿಂಗಳಿಗಿಷ್ಟು ಅಂತ ಕರಾರು. ಹೆಚ್ಚಿನವರು ಗಂಡನ ಕೆಲಸ ಹೋದವರು, ಗಂಡ ಸತ್ತವರು, ಬಿಟ್ಟವರು.

ದೊಡ್ಡಾಯಿಯ ಗಂಡಗ ಮಿಲ್ಲಿನ ಹತ್ತಿ ಧೂಳು ಎದಿಯೊಳಗ ಹೋಗಿ ಕೆಮ್ಮು ಹತ್ತಿತು. ಕೆಲಸ ಬಿಟ್ಟು ಮನ್ಯಾಗ ಕುಂತ. ಆಗ ಆಕಿ ಖಾನಾವಳಿ ಶುರು ಮಾಡಿದ್ಲು. ಅವ್ವ ಎಂಟು ವರ್ಷದಾಕಿ ಇದ್ದಾಗ, ಅಂದ್ರ 1957ರಾಗ, ಆಯಿ ಬಾಣಂತನದಾಗ ಇದ್ದಳಂತ ಅವ್ವನ್ನ ನಾಕು ತಿಂಗಳ ಅಲ್ಲಿ ಕಳಿಸಿದ್ರಂತ. ಬೆಳಗಾವಿದಾಗ ಸಣ್ಣ ಗಾಡಿ ಹತ್ತಿ, ಪುಣೆದಾಗ ಇಳದು ದೊಡ್ಡ ಗಾಡಿ ಹತ್ತಿ ಹೋಗಿದ್ದು ಆಕಿಗೆ ಇನ್ನೂ ನೆನಪೈತಿ.

"ಮೂರಕ್ಕ ಏಳ್ತಿದ್ಲು," ಅಂದ್ಲು ಅವ್ವ. "ನಳ ನಾಕಕ್ಕ ಬರ್ತಿತ್ತು, ಅದಕ್ಕಿಂತ ಮೊದಲ ಪಾಳಿ ಹಚ್ಚಬೇಕು. ಬೆಳಗಿನ ಪಾಳಿಯವರು ಭೋಂಗಾ ಆಗೂದ್ರೊಳಗ ಡಬ್ಬಿ ಒಯ್ಬೇಕು. ಒಬ್ಬೊಬ್ಬರಿಗೆ ಹೊತ್ತಿಗೆ ಮೂರು ಭಾಕ್ರಿ. ಹದಿನೆಂಟು ಮಂದಿ. ನೀ ಲೆಕ್ಕಾ ಮಾಡು."

ಮಾಡಿದೆ. ಹೊತ್ತಿಗೆ 54, ದಿನಕ್ಕ 108 ರೊಟ್ಟಿ. ಕೈಯಲೆ ಬಡದದ್ದು, ಒಂದ ಸಿಗಡಿ ಮ್ಯಾಲೆ.

"ರಾತ್ರಿ ಉಳಿದ ರೊಟ್ಟಿ ಮುರದು, ಉಳ್ಳಾಗಡ್ಡಿ ಒಗ್ಗರಣಿ ಹಾಕಿ ಮುಂಜಾನೆ ಕೊಡ್ತಿದ್ಲು. ಅದಕ್ಕ ರೊಕ್ಕ ತಗೋತಿರಲಿಲ್ಲ. ಖಾಲಿ ಹೊಟ್ಟಿಲೆ ಧೂಳಿನ್ಯಾಗ ನಿಲ್ಲಬಾರದು ಅಂತಿದ್ಲು. ಅದನ್ನ ತಿನ್ನಾಕ ಅವರು ಸಾಲು ಹಚ್ಚಿ ನಿಲ್ಲತಿದ್ರು, ಮೈ ತೊಳಕೊಂಡು."

ನಮ್ಮ ಮನ್ಯಾಗ ಉಳಿದ ರೊಟ್ಟಿದ ಒಗ್ಗರಣಿ ಅವ್ವ ಮಾಡ್ತಾಳಲ್ಲ, ಶೇಂಗಾಪುಡಿ ಉದರಿಸಿ, ಲಿಂಬಿ ಹಿಂಡಿ, ನಮ್ಮ ತಂಗಿ ಮಕ್ಕಳು ಅದಕ್ಕ ಜಗಳಾಡತಾರಲ್ಲ, ಅದು ದೊಡ್ಡಾಯಿದು. ಇಷ್ಟು ವರ್ಷ ತಿಂದು ನನಗ ಗೊತ್ತಿರಲಿಲ್ಲ.

ರೊಕ್ಕದ ವ್ಯವಹಾರ ಹೆಂಗಂದ್ರ, ಮಿಲ್ಲಿನವರಿಗೆ ಪಗಾರ ಆದ ಮ್ಯಾಲೆ ಖಾನಾವಳಿಗೆ ಕೊಡವರು. ತಿಂಗಳ ತನಕ ಹಿಟ್ಟು, ಬ್ಯಾಳಿ, ಎಣ್ಣಿ ಕಿರಾಣಿ ಅಂಗಡಿಯವನ ಕಡೆ ಉದ್ರಿ. ಅವ ಬಡ್ಡಿ ಹಾಕಿ ಕೊಡವ. ಕೈಯಾಗಿನ ಬಂಗಾರ ಅವನ ತಿಜೋರಿದಾಗ. ಮಿಲ್ಲಿನವರು ಸಂಪ ಮಾಡಿದ್ರಂತೂ ಊಟಾ ಹಾಕೂದು ನಿಲ್ಲೂ ಹಂಗಿಲ್ಲ, ರೊಕ್ಕ ಬರೂದಿಲ್ಲ. ಸಂಪ ಅಂದ್ರ ನಾವು ಮುಖಂಡರ ಭಾಷಣ ನೆನಸ್ತೇವಿ. ಆ ಸಂಪದ ಹೊಟ್ಟಿ ತುಂಬಿಸಿದವರು ಈ ಹೆಂಗಸರು, ತಾವು ಸಾಲ ಮಾಡಿ.

ಇದನ್ನ ಕಣ್ಣಿಲೆ ನೋಡಿ ಸುಮ್ನ ಇರದಾಕಿ ಒಬ್ಬಾಕಿ ಇದ್ಲು, ಪ್ರೇಮಾ ಪುರವ ಅಂತ. ಗೋವಾ ವಿಮೋಚನೆ ಹೋರಾಟದಾಗ ಇದ್ದಾಕಿ, ಆಮ್ಯಾಲೆ ಮುಂಬಯಿದಾಗ ಕಾರ್ಮಿಕರ ಸಂಘದ ಕೆಲಸ ಮಾಡಿದಾಕಿ. ಸಂಪದಾಗ ಕಾರ್ಮಿಕರ ಬಗ್ಗೆ ಎಲ್ಲಾರೂ ಮಾತಾಡ್ತಾರ, ಅವರಿಗೆ ಉದ್ರಿ ಊಟಾ ಹಾಕಿದವರ ಬಗ್ಗೆ ಯಾರು ಮಾತಾಡ್ತಾರ ಅಂತ ಆಕಿ 1975ರಾಗ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದ್ಲು. ಬ್ಯಾಂಕಿಗೆ ಹೋಗಿ, ಈ ಹೆಂಗಸರೂ ಉದ್ಯೋಗ ಮಾಡವರು, ಇವರಿಗೂ ಸಾಲಾ ಕೊಡ್ರಿ ಅಂತ ಕೂತ್ಲು. ಒಬ್ಬರಿಗೊಬ್ಬರು ಜಾಮೀನು ನಿಂತು ಸಾಲ ತಗೊಂಡು, ಕಿರಾಣಿ ಸಾಲ ಹರದು, ಬಂಗಾರ ಬಿಡಿಸ್ಕೊಂಡ್ರು. ಈಗ ನಮ್ಮ ಊರಾಗ ಸ್ವಸಹಾಯ ಸಂಘ ಅಂತ ವಾರಕ್ಕೊಮ್ಮೆ ಕೂಡ್ತೇವಲ್ಲ, ಆ ದಾರಿ ಮೊದಲ ತುಳದವರೊಳಗ ಈ ಖಾನಾವಳಿ ಹೆಂಗಸರೂ ಅದಾರ. ಅದಕ್ಕೂ ಮೊದಲ 1959ರಾಗ ಗಿರಗಾಂವದಾಗ ಏಳು ಮಂದಿ ಗುಜರಾತಿ ಹೆಂಗಸರು 80 ರೂಪಾಯಿ ಕೈಗಡ ತಗೊಂಡು ಮಾಳಗಿ ಮ್ಯಾಲೆ ಹಪ್ಪಳ ಲಟ್ಟಿಸಿದ್ರು. ನಾವು ತರೂ ಲಿಜ್ಜತ್ ಹಪ್ಪಳ ಅದ.

ದೊಡ್ಡಾಯಿ ಆ ಮಂಡಳಕ್ಕ ಸೇರಿದ್ಲೋ ಇಲ್ಲೋ ಅವ್ವಗ ಗೊತ್ತಿಲ್ಲ. ಅವ್ವಗ ಗೊತ್ತಿದ್ದದ್ದು ಬ್ಯಾರೆ. ಕಾಫಿ ಬಂದ ಮ್ಯಾಲೆ ಅದನ್ನ ಹೇಳಿದ್ಲು, ಗಂಟಲು ನೋಯ್ತಿತ್ತು, ನಿಂತು ನಿಂತು ಹೇಳಿದ್ಲು.

"ನಾ ಧಾರವಾಡದಾಗ ಟ್ರೇನಿಂಗ್ ಕಾಲೇಜಿಗೆ ಹೋದ್ನೆಲ್ಲ, ಎರಡು ವರ್ಷ, ಆ ಫೀ, ಹಾಸ್ಟೆಲ್ ರೊಕ್ಕ ನಮ್ಮಪ್ಪ ಕೊಟ್ಟಿದ್ದಲ್ಲ. ತಿಂಗಳಾ ಮನಿ ಆರ್ಡರ್ ಬರ್ತಿತ್ತು, ದೊಡ್ಡವ್ವಂದು. ಹುಡುಗಿ ಕೈಯಾಗ ಖಡು ಹಿಡೀಲಿ, ಲಟ್ಟಣಿಗಿ ಬ್ಯಾಡ ಅಂತ ಬರಿಸಿದ್ಲು."

ಅವ್ವ 38 ವರ್ಷ ಸಾಲಿ ಕಲಿಸಿದಾಕಿ. ನಾವು ಮೂರು ಮಂದಿ ಓದಿದ್ದು ಆಕಿ ಪಗಾರದ ಮ್ಯಾಲೆ.

"1971ರಾಗ ನನ್ನ ಮದಿವಿ. ದೊಡ್ಡವ್ವ ಬಂದ್ಲು, ಒಂದು ಹಸರು ಇಳಕಲ್ ಸೀರಿ ತಂದಿದ್ಲು. ಅಡಗಿಮನಿಗೆ ಹೋದ್ರ ನಮ್ಮ ಕಾಕುಗೋಳು, ಅಲ್ಲೇ ಪಡಸಾಲಿದಾಗ ಕುಂದರ್ರಿ ಅಂದ್ರು. ಹತ್ತು ಜಾತಿಯವರಿಗೆ ರೊಕ್ಕಕ್ಕ ನೀಡಿದ ಕೈ ಅಂತ. ಮೂರು ದಿನ ಆಕಿ ಪಡಸಾಲಿದಾಗ ಕಂಬಕ್ಕ ಆತು ಕುಂತಿದ್ಲು. ಒಂದು ರೊಟ್ಟಿ ಬಡಿಯಾಕ ಕೊಡಲಿಲ್ಲ. ದಿನಾ ನೂರು ರೊಟ್ಟಿ ಬಡದಾಕಿಗೆ."

"ನೀ ಏನಂದಿ ಅವ್ವಾ?"

"ಏನೂ ಅನ್ನಲಿಲ್ಲ. ಮದುಮಗಳು ಏನ್ ಮಾತಾಡಬೇಕು? ಆದ್ರ ನಾ ಆಗ ಎರಡು ವರ್ಷದ ಮಾಸ್ತರತಿ ಇದ್ದೆ. ಹುಡುಗರಿಗೆ ಜಾತಿ ಭೇದ ಮಾಡಬಾರದು ಅಂತ ಪಾಠ ಹೇಳಿ ಬಂದಾಕಿ. ಸುಮ್ನ ಕುಂತೆ. ಆಕಿ ಆಮ್ಯಾಲೆ ಊರಿಗೆ ಬರಲಿಲ್ಲ. 1979ರಾಗ ಅಲ್ಲೇ ಹೋದ್ಲು. ಟೆಲಿಗ್ರಾಮ್ ಬಂತು. ಯಾರೂ ಹೋಗಲಿಲ್ಲ, ನಾನೂ ಹೋಗಲಿಲ್ಲ. ನೀ ಎಂಟು ತಿಂಗಳ ಕೂಸು ಇದ್ದಿ ಅಂತ ನೆವ ಇತ್ತು."

ಆ ಹೋಟೆಲಿನ್ಯಾಗ ಮಂದಿ ನಮ್ಮ ಜಾಗಾಕ್ಕ ಕಾಯ್ಕೊಂತ ಬಾಗಿಲದಾಗ ನಿಂತಿದ್ರು. ಮಾಣಿ ಎರಡು ಸಲ ಬಂದು ಟೇಬಲ್ ಒರಸಿ ಹೋದ. ಅವ್ವನ ಮಾರಿ ನೋಡಿ ಮೂರನೇ ಸಲ ಬರಲಿಲ್ಲ. ಅವನ ಹೊಟ್ಟಿ ತಣ್ಣಗಿರಲಿ.

ಆ ಮಧ್ಯಾಹ್ನ ಲಾಲಬಾಗಕ್ಕ ಹೋದ್ವಿ. ಅವ್ವಗ ಚಾಳಿನ ಹೆಸರು ನೆನಪಿರಲಿಲ್ಲ, ಹತ್ತಿರ ಒಂದು ಮಾರುತಿ ಗುಡಿ ಇತ್ತು ಅಂತ ಅಷ್ಟ. ಅಂಥಾ ಗುಡಿ ಆ ಕಡೆ ಗಲ್ಲಿಗೊಂದು ಅದಾವು. ಸಿಗಲಿಲ್ಲ. ಸಿಗೂದಾದ್ರೂ ಹೆಂಗ? 1982ರ ಜನವರಿ 18ಕ್ಕ ದತ್ತಾ ಸಾಮಂತರ ಮುಂದಾಳ್ತನದಾಗ ಮಿಲ್ಲಿನ ದೊಡ್ಡ ಸಂಪ ಶುರು ಆತು. ಎರಡೂವರಿ ಲಕ್ಷ ಮಂದಿ ಕೆಲಸಾ ಬಿಟ್ಟು ಹೊರಗ ಬಂದ್ರು. ಆ ಸಂಪ ಮುಗೀತು ಅಂತ ಯಾರೂ ಸಾರಲಿಲ್ಲ, ಮಿಲ್ಲುಗಳ ಒಂದೊಂದಾಗಿ ಮುಗದು ಹೋದ್ವು. ಮಿಲ್ಲು ಮುಗದ ಮ್ಯಾಲೆ ಖಾನಾವಳಿ ಉಳೀತಾವೇನು? 1991ರ ನಿಯಮ ಬಂದ ಮ್ಯಾಲೆ ಮಿಲ್ಲಿನ ಜಾಗಾ ಮಾರಾಕ ದಾರಿ ಆತು. ಫೀನಿಕ್ಸ್ ಮಿಲ್ಲಿನ ಜಾಗಾದಾಗ ಈಗ ದೊಡ್ಡ ಮಾಲ್ ಐತಿ. ಹೊಗಿ ಕೊಳವಿ ಇದ್ದಲ್ಲಿ ಗಾಜಿನ ಕಟ್ಟಡ, ಐಷಾರಾಮಿ ಹೋಟೆಲ್. ನಮ್ಮ ಲಾಜಿನ ಕಿಡಕಿದಾಗ ಕಾಣ್ತಿದ್ದು ಅವ. ನಮ್ಮ ದೊಡ್ಡಾಯಿ ಹದಿನೆಂಟು ಮಂದಿಗೆ ಪುಕ್ಕಟೆ ನಾಷ್ಟಾ ಕೊಟ್ಟ ಊರಾಗ ನಾವು ಎರಡು ಚಮಚಾ ಹಾಲಿಗೆ 350 ಕೊಟ್ಟು ಎದ್ದು ಬಂದಿದ್ವಿ.

1995ರಾಗ ಮಹಾರಾಷ್ಟ್ರ ಸರಕಾರ ಒಂದು ರೂಪಾಯಿಗೆ ಝುಣಕಾ ಭಾಕರ ಅಂತ ಯೋಜನೆ ತಂದಿತ್ತು. ಭಾಳ ವರ್ಷ ನಡೀಲಿಲ್ಲ. ಸರಕಾರದ ಕೈಲೆ ಆಗಲಾರದ್ದನ್ನ ಚಾಳಿನ ಹೆಂಗಸರು ಯಾವ ಯೋಜನೆ ಇಲ್ದ ಎಷ್ಟೋ ವರ್ಷ ನಡಸಿದ್ರು ಅನ್ನೂದು ಯಾವ ಬೋರ್ಡಿನ ಮ್ಯಾಲೂ ಬರದಿಲ್ಲ. ಈಗಿನ ಉಡುಪಿ ಹೋಟೆಲ್, ಇರಾಣಿ ಹೋಟೆಲ್ ಬಗ್ಗೆ ಪುಸ್ತಕ ಅದಾವು, ಫೋಟೋ ಅದಾವು, ಶುರು ಆದ ವರ್ಷ ಬಾಗಿಲ ಮ್ಯಾಲೆ ಬರದಿರ್ತೈತಿ. ಖಾನಾವಳಿಗೆ ಬಾಗಿಲ ಇದ್ದದ್ದ ಮನಿ ಬಾಗಿಲ. ಬರಿಯೂದು ಎಲ್ಲಿ?

ಇನ್ನ ವೈನಿಯವರಿಗೆ ಹೇಳಿದ ಎರಡು ಮಾತು, ನಿಮಗೂ ಬೇಕಾದೀತು, ಇಲ್ಲೇ ಬರದಿಡ್ತೀನಿ. ದೊಡ್ಡ ಊರಾಗ ಲಾಜಿನ ನಾಷ್ಟಾ ಬಾಡಗಿದಾಗ ಕೂಡೇತೋ ಇಲ್ಲೋ ಮೊದಲ ಕೇಳ್ರಿ, ಕೂಡಿಲ್ಲ ಅಂದ್ರ ಬ್ಯಾಡ ಅನ್ರಿ. ಎಲ್ಲಿ ತಿನಬೇಕು ಅಂತ ಮ್ಯಾನೇಜರನ್ನ ಕೇಳಬ್ಯಾಡ್ರಿ, ಕಸಾ ಹೊಡಿಯವರನ್ನ, ವಾಚಮನ್‌ನ್ನ, ಟ್ಯಾಕ್ಸಿಯವರನ್ನ ಕೇಳ್ರಿ. ಎಂಟರ ಒಳಗ ಹೋಗ್ರಿ, ಆಗ ಎಲ್ಲಾ ಬಿಸಿ ಇರ್ತೈತಿ. ಉಗಿ ಹಾರೂದನ್ನ ತಗೋರಿ, ತೆರದಿಟ್ಟ ಚಟ್ನಿ, ಹೆಚ್ಚಿಟ್ಟ ಹಣ್ಣು ಜಡ್ಡಿನವರಿಗೆ ಬ್ಯಾಡ. ಕುಡಿಯೂ ನೀರು ಕೋಣಿಯಿಂದನ ಒಯ್ಯಿರಿ. ಸ್ಟೇಶನ್ ಹೊರಗ ಮರಾಠಿ ಹೆಣಮಕ್ಕಳು ಸಣ್ಣ ಟೇಬಲ್ ಇಟ್ಟು ಅವಲಕ್ಕಿ, ಉಪ್ಪಿಟ್ಟು, ಶಿರಾ ಮಾರ್ತಾರ, ಮನಿಯಾಗ ಮಾಡಿ ತಂದದ್ದು, ಚಲೋ ಇರ್ತೈತಿ. ಒಂದು ಸ್ಟೀಲ್ ಡಬ್ಬಿ, ಎರಡು ಚಮಚಾ, ಒಂದು ಸಣ್ಣ ತುಪ್ಪದ ಡಬ್ಬಿ ಮನಿಯಿಂದ ಒಯ್ಯಿರಿ. ಮುಂಬಯಿದಾಗ ಇದ್ರ ರವಿವಾರ ಒಮ್ಮೆ ಮಾಟುಂಗಾಕ್ಕ ಹೋಗ್ರಿ, ಅತ್ತಿಯವರ ಮನಸಿಗೂ ಹಗುರ ಆಗ್ತೈತಿ. ಮತ್ತ ಇಡ್ಲಿಯವ ಆಗಲಿ, ಅವಲಕ್ಕಿ ಮಾರಾಕಿ ಆಗಲಿ, ಎರಡು ರೂಪಾಯಿಗೆ ಚೌಕಾಶಿ ಮಾಡಬ್ಯಾಡ್ರಿ. ಅಂವ ಮೂರಕ್ಕ ಎದ್ದಿರ್ತಾನ, ಇಲ್ಲಾ ಅವನ ಹೇಂತಿ ಎದ್ದಿರ್ತಾಳ.

ನಮ್ಮ 42 ದಿನದ ನಾಷ್ಟಾಕ್ಕ ಇಬ್ಬರಿಗೂ ಕೂಡಿ 4,000 ರೂಪಾಯಿ ಒಳಗ ಆತು, ಮೊದಲಿನ ದಿನದ 700 ಹಿಡಕೊಂಡು. ಅವ್ವ ಆರಾಮಾಗಿ ಬಂದ್ಲು. ದನಿ ಸ್ವಲ್ಪ ಒಡದೈತಿ, ಹಾಡು ಹೇಳಾಕ ಬರೂದಿಲ್ಲ, ಬೈಯಾಕ ಬರ್ತೈತಿ.

ಇದನ್ನ ಬರದು ಅವ್ವಗ ಓದಿ ತೋರಿಸಿದೆ. ಹಸರು ಸೀರಿ ಅಲ್ಲ, ಗಿಳಿಹಸರು ಅಂತ ಬರಿ ಅಂದ್ಲು. ಆಮ್ಯಾಲೆ ಸ್ವಲ್ಪ ಹೊತ್ತು ಬಿಟ್ಟು, "ಬರುವ ಮಾಘದಾಗ ತಮ್ಮನ ಮಗಳ ಮದಿವಿ ಐತೆಲ್ಲ, ಹಿರೇರ ಹೆಸರು ಹಾಕಸ್ತಾರಲ್ಲ ಪತ್ರಿಕಾದಾಗ, ಆಕಿ ಹೆಸರೂ ಹಾಕಸ್ರಿ" ಅಂದ್ಲು. ಹೇಳೇನಿ ತಮ್ಮಗ. ಆ ಮದಿವ್ಯಾಗ ಮೊದಲನೇ ರೊಟ್ಟಿ ಯಾರು ಬಡೀಬೇಕು ಅಂತ ನಾವು ನಾವ ಕೂಡಿ ಮಾತಾಡೂಣು. ನನ್ನ ಕೇಳಿದ್ರ, ಪ್ಯಾಟ್ಯಾಗ ಖಾನಾವಳಿ ನಡಸೂ ನಮ್ಮ ಓಣಿ ಅಕ್ಕಾರನ್ನ ಕರದು, ಅಡಗಿಮನಿಗೆ ಕರಕೊಂಡು ಹೋಗಿ, ಅವರ ಕೈಲೆ ಬಡಸೂಣು.

ನಿಮ್ಮ ನಿಮ್ಮ ಮನ್ಯಾಗೂ ಯಾರರೆ ಇಂಥಾಕಿ ಇದ್ದಾಳು. ಹಿರೇರು ಇದ್ದಾಗನ ಕೇಳಿಟ್ಕೊರಿ.